ಲಾಡಿಯ ಗುರುತು

ಕಳೆದ ಚಳಿಗಾಲದಲ್ಲಿ ಅಮ್ಮನ ಬೆನ್ನು ಹಿಡಿದುಕೊಂಡು, ಸುಮಾರು 15 ದಿನ ನಾನೇ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕಾಯಿತು. ಅವಳ ಸೊಂಟದ ಸುತ್ತಲಿನ ಗುರುತನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಉಳಿದ ಮೈಬಣ್ಣಕ್ಕಿಂತ ಕಪ್ಪಾದ, ಕಿರುಬೆರಳಿನಷ್ಟು ಅಗಲದ ಗೆರೆಯೊಂದು ಹೊಟ್ಟೆಯಿಂದ ಬೆನ್ನಿಗೆ ಸುತ್ತು ಬಂದಿತ್ತು. ಗಂಟು ಬೀಳುವ ಎಡಮಗ್ಗುಲಲ್ಲಿ ಚರ್ಮ ದಪ್ಪಗಟ್ಟಿ, ಮುಟ್ಟಿದರೆ ಒರಟಾಗಿ, ಒಂದು ರೂಪಾಯಿಯ ಹಳೆಯ ನಾಣ್ಯದಷ್ಟು ಅಗಲಕ್ಕೆ ಮಚ್ಚೆಯಂತಾಗಿತ್ತು. 16ನೆಯ ವಯಸ್ಸಿನಿಂದ ಸೀರೆ ಉಡುತ್ತ ಬಂದವಳಿಗೆ ಈಗ 72. ಇಷ್ಟು ವರ್ಷ, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ, ಒಂದು ದಾರ ಅದೇ ಜಾಗದಲ್ಲಿ ಬಿಗಿದಿತ್ತು. ನೋವಿದೆಯೇ ಎಂದು ಕೇಳಿದರೆ, "ಲಾಡಿ ಗುರುತು ಕಣೇ, ಎಲ್ಲರಿಗೂ ಇರತ್ತೆ" ಎಂದು ಸುಮ್ಮನಾದಳು.

ನನಗೂ ಇದೆ. ವಾರಕ್ಕೆ ಎರಡು ದಿನ ಸೀರೆ ಉಡುವವಳಿಗೆ ಎಷ್ಟು ಬೀಳಬೇಕೋ ಅಷ್ಟು, ತೆಳ್ಳಗೆ. ಅಂದಿನಿಂದ ಲಂಗವೆಂಬ ಉಡುಪಿನ ಚರಿತ್ರೆಯನ್ನು ಸಿಕ್ಕಲ್ಲೆಲ್ಲ ಹುಡುಕಿ ಓದುತ್ತಿದ್ದೇನೆ. ಸೀರೆಯ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಓದಲು ಬೇಕಾದಷ್ಟಿದೆ. ಇಳಕಲ್ಲಿನ ಸೆರಗು, ಮೊಳಕಾಲ್ಮೂರಿನ ಅಂಚು, ಮೈಸೂರು ರೇಷ್ಮೆಯ ಜರಿ ಎಲ್ಲಕ್ಕೂ ಬರೆಯುವವರಿದ್ದಾರೆ. ಅವೆಲ್ಲವನ್ನೂ ಸೊಂಟದಲ್ಲಿ ಹಿಡಿದು ನಿಲ್ಲಿಸುವ ಬಟ್ಟೆಯ ಬಗ್ಗೆ ಮಾತ್ರ ನಾಲ್ಕು ಸಾಲು ಸಿಗುವುದೂ ಕಷ್ಟ. ಕಾಣುವ ಬಟ್ಟೆಯ ಕಡೆಯಿಂದ ಬರೆದ ಉಡುಪಿನ ಚರಿತ್ರೆಯಲ್ಲಿ, ಆ ಬಟ್ಟೆಯ ಭಾರ ಮೈಮೇಲೆ ಎಲ್ಲಿ ಕೂತಿತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ. ನನಗೆ ಅದನ್ನು ಸೊಂಟದ ಕಡೆಯಿಂದ ಓದಬೇಕೆನಿಸಿತು.

ಪೆಟಿಕೋಟ್ ಎಂದರೆ ಚಿಕ್ಕ ಕೋಟು. 15ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಹೆಸರಿನ ಉಡುಪನ್ನು ತೊಡುತ್ತಿದ್ದವರು ಗಂಡಸರು ಎಂಬುದನ್ನು ಓದಿದಾಗ ನಾನು ಪುಟವನ್ನು ಹಿಂದಕ್ಕೆ ತಿರುವಿ ಮತ್ತೊಮ್ಮೆ ಓದಿದೆ. ಮೇಲಂಗಿಯ ಅಥವಾ ಕವಚದ ಒಳಗೆ, ಚಳಿಗೂ ಒತ್ತಡಕ್ಕೂ ತಡೆಯಾಗಲೆಂದು ಹಾಕಿಕೊಳ್ಳುತ್ತಿದ್ದ ಮೋಟು ಅಂಗಿ ಅದು. ಮುಂದೆ ಆ ಹೆಸರು ಗಂಡಸಿನ ಎದೆಯಿಂದ ಹೆಂಗಸಿನ ಸೊಂಟಕ್ಕೆ ಇಳಿದು ಅಲ್ಲಿಯೇ ನೆಲೆಯಾಯಿತು. ಕನ್ನಡದಲ್ಲಿ ಅದಿನ್ನೂ ಒಂದು ಜಾಗದಲ್ಲಿ ನಿಂತಿಲ್ಲ. ನಮ್ಮ ಮನೆಯಲ್ಲಿ ಪೆಟಿಕೋಟ್ ಎಂದರೆ ಹುಡುಗಿಯರು ಫ್ರಾಕಿನ ಒಳಗೆ ಹಾಕುವ ತೋಳಿಲ್ಲದ ಬಿಳಿ ಅಂಗಿ. ಸೀರೆಯ ಒಳಗಿನದು ಲಂಗ ಅಥವಾ ಒಳಲಂಗ. ಧಾರವಾಡದ ಕಡೆಯ ನನ್ನ ಗೆಳತಿಗೆ ಹುಡುಗಿಯರ ಉದ್ದ ಲಂಗ ಪರಕಾರ, ಸೀರೆಯ ಒಳಗಿನದು ಪೆಟಿಕೋಟ್. ಅಂಗಡಿಯಲ್ಲಿ ಕೇಳುವಾಗ ಎಲ್ಲಿಯವರೆಂದು ನೋಡಿಕೊಂಡು ಕೇಳಬೇಕು.

ಒಳ ಉಡುಪು ಎಂದು ನಾವು ಹೇಳುವುದಾದರೂ, ಪೆಟಿಕೋಟ್ ತನ್ನ ಆಯಸ್ಸಿನ ದೊಡ್ಡ ಭಾಗವನ್ನು ಎಲ್ಲರ ಕಣ್ಣೆದುರೇ ಕಳೆದಿದೆ. 18ನೆಯ ಶತಮಾನದ ಯೂರೋಪಿನಲ್ಲಿ ಹೆಂಗಸರ ಗೌನು ಸೊಂಟದಿಂದ ಕೆಳಗೆ ಮುಂಭಾಗದಲ್ಲಿ ತೆರೆದಿರುತ್ತಿತ್ತು. ಎರಡು ಪಕ್ಕಕ್ಕೆ ಸರಿಸಿ ಕಟ್ಟಿದ ಪರದೆಯಂತಿದ್ದ ಆ ಗೌನಿನ ನಡುವೆ ಕಾಣುತ್ತಿದ್ದ ಬಟ್ಟೆಯೇ ಪೆಟಿಕೋಟ್. ಮೇಲಿನ ರೇಷ್ಮೆಗೂ ಒಳಪದರದ ಬಟ್ಟೆಗೂ ನಡುವೆ ಉಣ್ಣೆ ಹಾಸಿ, ನಮ್ಮ ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕಿ, ಆ ಹೊಲಿಗೆಯಲ್ಲೇ ಬಳ್ಳಿ, ಹೂವು, ಹಕ್ಕಿಗಳನ್ನು ಎಬ್ಬಿಸುತ್ತಿದ್ದರು. ಇಂಥ ಹೊಲಿಗೆಯ ಪೆಟಿಕೋಟುಗಳು ಲಂಡನ್ನಿನ ಅಂಗಡಿಗಳಲ್ಲಿ ಆಗಲೇ ಸಿದ್ಧ ಉಡುಪಾಗಿ ದೊರೆಯುತ್ತಿದ್ದವು. ಸೊಂಟಕ್ಕೆ ಪಟ್ಟಿಯಿಂದ ಕಟ್ಟಿಕೊಂಡರಾಯಿತು. ದಪ್ಪಗಾದರೂ ತೆಳ್ಳಗಾದರೂ ಅದೇ ನಡೆಯುತ್ತಿತ್ತು.

ಈ ಕಾಣುವ ಪೆಟಿಕೋಟಿನ ಕಥೆಯಲ್ಲಿ ನಮ್ಮ ಕರಾವಳಿಯೊಂದು ನೇರವಾಗಿ ಬರುತ್ತದೆ ಎಂಬುದು ನನ್ನನ್ನು ಬಹಳ ದಿನ ಹಿಡಿದು ಕೂರಿಸಿದ ಸಂಗತಿ. ಮಚಲೀಪಟ್ಟಣ, ಪುಲಿಕಾಟ್, ನಾಗಪಟ್ಟಣಗಳ ಕೋರಮಂಡಲ ತೀರದಲ್ಲಿ ಹತ್ತಿಬಟ್ಟೆಯ ಮೇಲೆ ಬಿದಿರಿನ ಕಲಮಿನಿಂದ ಬಣ್ಣ ಬರೆಯುವ ಕುಟುಂಬಗಳಿದ್ದವು. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸಿ, ಕೆಂಪು ಬರಬೇಕಾದಲ್ಲಿ ಪಟಿಕದ ನೀರಿನಿಂದ ಗೆರೆಯೆಳೆದು, ಚಾಯ್ ಎಂಬ ಗಿಡದ ಬೇರಿನ ಬಣ್ಣದಲ್ಲಿ ಕುದಿಸಿದರೆ ಪಟಿಕ ತಾಗಿದ ಜಾಗ ಮಾತ್ರ ಕೆಂಪನ್ನು ಹಿಡಿದುಕೊಳ್ಳುತ್ತದೆ. ನೀಲಿಗೆ ಬೇರೆಯದೇ ದಾರಿ. ನೀಲಿ ತಾಗಬಾರದ ಕಡೆಗೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯ ತೊಟ್ಟಿಗೆ ಇಳಿಸಬೇಕು. ಒಗೆದಷ್ಟೂ ಹೊಳೆಯುವ ಹತ್ತಿಬಟ್ಟೆಯನ್ನು ಯೂರೋಪು ಅದಕ್ಕೆ ಮೊದಲು ಕಂಡಿರಲಿಲ್ಲ. ಅಲ್ಲಿನ ಬಣ್ಣಗಾರರಿಗೆ ಹತ್ತಿಯಲ್ಲಿ ಬಣ್ಣ ನಿಲ್ಲಿಸುವ ಈ ಕೆಲಸ ಕೈಗೆ ಹತ್ತಿರಲಿಲ್ಲ. 1602ರಲ್ಲಿ ಹುಟ್ಟಿದ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ, ಆಮೇಲೆ ಇಂಗ್ಲಿಷರ, ಫ್ರೆಂಚರ ಹಡಗುಗಳಲ್ಲಿ ಈ ಬಟ್ಟೆ ಹೊರಟಿತು. ಡಚ್ಚರು ಅದನ್ನು ಸಿಟ್ಸ್ ಎಂದರು, ಇಂಗ್ಲಿಷರು ಚಿಂಟ್ಸ್ ಎಂದರು. ನಮ್ಮ ಹಿರಿಯರು ಹೂವಿನ ಅಚ್ಚಿನ ಅಗ್ಗದ ಹತ್ತಿಗೆ ಚೀಟಿ ಬಟ್ಟೆ ಎನ್ನುತ್ತಿದ್ದರಲ್ಲ, ಅದೂ ಆ ಪದದ ಬಳಗದ್ದೇ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳಲ್ಲಿ ಕೋರಮಂಡಲದ ಬಟ್ಟೆಯ ಪೆಟಿಕೋಟುಗಳು ಈಗಲೂ ಇವೆ. ಅವುಗಳ ಚಿತ್ರಗಳನ್ನು ಹಿಗ್ಗಿಸಿ ನೋಡಿದರೆ ಕಲಮಿನ ಗೆರೆ ಒಂದೆಡೆ ದಪ್ಪವಾಗಿ, ಇನ್ನೊಂದೆಡೆ ತೆಳ್ಳಗಾಗಿ ಓಡಿರುವುದು ಕಾಣುತ್ತದೆ. ಬರೆಯುತ್ತಿದ್ದ ಕೈ ಎಲ್ಲಿ ಬಣ್ಣ ಅದ್ದಿಕೊಂಡು ಬಂತು ಎಂಬುದನ್ನೂ ಗುರುತಿಸಬಹುದು.

ಈ ಬಟ್ಟೆಯ ಮೇಲಿನ ಮೋಹ ಎಷ್ಟಿತ್ತೆಂದರೆ ಸರಕಾರಗಳು ಹೆದರಿದವು. ಫ್ರಾನ್ಸ್ 1686ರಲ್ಲಿ ನಿಷೇಧಿಸಿ 1759ರವರೆಗೆ ನಿಷೇಧವನ್ನು ಎಳೆಯಿತು. ಇಂಗ್ಲೆಂಡು 1701ರಿಂದ ಆಮದನ್ನು ತಡೆಯಿತು. ಅದು ಸಾಲದೆಂದು 1721ರಲ್ಲಿ ಅಚ್ಚಿನ ಹತ್ತಿಬಟ್ಟೆ ತೊಡುವುದನ್ನೇ ಕಾನೂನಿನಿಂದ ತಡೆದು, 1774ರಲ್ಲಿ ಆ ಕಾನೂನನ್ನು ತೆಗೆದುಹಾಕಿತು. ಈ ಎರಡು ಕಾನೂನುಗಳ ನಡುವೆ, 1719ರಲ್ಲಿ, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು ಹೊಟ್ಟೆಪಾಡು ಹೋಗುತ್ತಿದೆಯೆಂಬ ಸಿಟ್ಟಿನಲ್ಲಿ ಬೀದಿಗಿಳಿದು, ಭಾರತದ ಬಟ್ಟೆ ತೊಟ್ಟ ಹೆಂಗಸರ ಮೇಲೆ ಮಸಿ ಎರಚಿದರು, ಆಮ್ಲ ಎರಚಿದರು, ಮೈಮೇಲಿನ ಬಟ್ಟೆಯನ್ನು ಹರಿದರು. ಆ ನೇಕಾರರ ಹಸಿವು ನಿಜವಾಗಿತ್ತು. ಆದರೂ ಬಟ್ಟೆ ತಂದ ಹಡಗಿನ ಒಡೆಯರನ್ನು ಬಿಟ್ಟು, ಅದನ್ನು ಉಟ್ಟು ಪೇಟೆಗೆ ಬಂದ ಹೆಂಗಸಿನ ಸೊಂಟಕ್ಕೆ ಕೈ ಹಾಕಿದ್ದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಊರಿನ ಸಂಕಟಕ್ಕೆಲ್ಲ ಹೆಣ್ಣಿನ ಬಟ್ಟೆಯನ್ನು ಹೊಣೆ ಮಾಡುವುದು ನಾವು ಬಲ್ಲ ಅಭ್ಯಾಸವೇ.

ಆ ಕಾಲದ ಪೆಟಿಕೋಟಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದರ ಪಕ್ಕದ ಸೀಳು. ಆಗಿನ ಹೆಂಗಸರ ಜೇಬು ಉಡುಪಿಗೆ ಹೊಲಿದದ್ದಾಗಿರಲಿಲ್ಲ. ಸೊಂಟಕ್ಕೆ ಕಟ್ಟುವ ಪಟ್ಟಿಯೊಂದಕ್ಕೆ ತೂಗುಬಿಟ್ಟ ಎರಡು ಚೀಲಗಳು ಗೌನು ಮತ್ತು ಪೆಟಿಕೋಟಿನ ಒಳಗೆ, ಎಡಕ್ಕೊಂದು ಬಲಕ್ಕೊಂದು ಇರುತ್ತಿದ್ದವು. ಗೌನಿನ ಸೀಳು, ಪೆಟಿಕೋಟಿನ ಸೀಳು, ಚೀಲದ ಬಾಯಿ ಮೂರೂ ಒಂದೇ ನೇರಕ್ಕೆ ಬರುವಂತೆ ಹೊಲಿದಿರುತ್ತಿದ್ದರು. ಬೀಗದ ಕೈ, ಕತ್ತರಿ, ಹೊಲಿಯುವಾಗ ಬೆರಳಿಗೆ ತೊಡುವ ಬೆರಳಟ್ಟೆ, ಹಣ, ಪತ್ರ ಎಲ್ಲವೂ ಅದರಲ್ಲಿ. 18ನೆಯ ಶತಮಾನ ಮುಗಿಯುವ ಹೊತ್ತಿಗೆ ಉಡುಪು ಮೈಗೆ ಅಂಟಿ ತೆಳ್ಳಗಾದಾಗ ಈ ಚೀಲಗಳಿಗೆ ಜಾಗವಿಲ್ಲದೆ, ಕೈಯಲ್ಲಿ ಹಿಡಿಯುವ ಪುಟ್ಟ ಚೀಲ ಬಂತು. ಅಮ್ಮನ ಪ್ರಯಾಣದ ಲಂಗಗಳಿಗೆಲ್ಲ ಬಲಗಡೆ ಒಂದು ಜೇಬಿದೆ. ಅವಳೇ ಕೈಹೊಲಿಗೆಯಲ್ಲಿ ಹಾಕಿಕೊಂಡದ್ದು, ಬಾಯಿಗೆ ಒತ್ತುಗುಂಡಿ. ಬಸ್ಸಿನಲ್ಲಿ ಬೆಂಗಳೂರಿಗೆ ಬರುವಾಗ ಪರ್ಸಿನಲ್ಲಿ ಚಿಲ್ಲರೆ, ಲಂಗದ ಜೇಬಿನಲ್ಲಿ ನೋಟುಗಳು ಮತ್ತು ಬಿಚ್ಚಿಟ್ಟ ಬಳೆ. ಲಂಡನ್ನಿನ ಆ ಹೆಂಗಸರಿಗೂ ಇವಳಿಗೂ ಪರಸ್ಪರ ಏನೂ ಗೊತ್ತಿಲ್ಲ. ಹಣವನ್ನು ಎಲ್ಲಿಟ್ಟರೆ ಕೈ ಹಾಕುವವನಿಗೆ ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದೆ.

19ನೆಯ ಶತಮಾನದಲ್ಲಿ ಮೇಲಿನ ಸ್ಕರ್ಟು ಮುಂದೆಯೂ ಮುಚ್ಚಿಕೊಂಡಿತು, ಪೆಟಿಕೋಟ್ ಒಳಗೆ ಹೋಯಿತು. ಅದರ ಭಾರ ಏರಿದ್ದೂ ಆಗಲೇ. 1840ರ ದಶಕದಲ್ಲಿ ಗಂಟೆಯಂತೆ ಅಗಲವಾಗಿ ನಿಲ್ಲುವ ಸ್ಕರ್ಟು ಬೇಕಾದಾಗ ಐದಾರು ಪೆಟಿಕೋಟುಗಳನ್ನು ಒಂದರ ಮೇಲೊಂದು ತೊಡಬೇಕಾಗಿತ್ತು. ಕೆಲವಕ್ಕೆ ಗಂಜಿ ಹಾಕಿ ಸೆಡೆಸುತ್ತಿದ್ದರು, ಕೆಲವನ್ನು ಕುದುರೆಯ ಕೂದಲು ಬೆರೆಸಿ ನೇಯುತ್ತಿದ್ದರು. ಫ್ರೆಂಚಿನಲ್ಲಿ ಕುದುರೆಕೂದಲಿಗೆ ಕ್ರೆನ್, ನಾರುಬಟ್ಟೆಗೆ ಲೆನ್. ಕ್ರಿನೋಲಿನ್ ಎಂಬ ಹೆಸರು ಬಂದದ್ದು ಇವೆರಡರಿಂದ. ಇಷ್ಟೆಲ್ಲದರ ಪಟ್ಟಿ, ಲಾಡಿಗಳು ಒಂದೇ ಸೊಂಟದ ಮೇಲೆ ಬೀಳುತ್ತಿದ್ದವು. 1856ರಲ್ಲಿ ಉಕ್ಕಿನ ತೆಳು ಬಳೆಗಳನ್ನು ಪಟ್ಟಿಗಳಿಂದ ತೂಗುಬಿಟ್ಟ ಪಂಜರದಂಥ ಕ್ರಿನೋಲಿನ್‌ಗೆ ಪೇಟೆಂಟ್ ಸಿಕ್ಕಿತು. ಇಂದು ಅದನ್ನು ಹೆಣ್ಣನ್ನು ಸೆರೆಯಿಟ್ಟ ಪಂಜರವೆಂದು ಬರೆಯುವವರೇ ಹೆಚ್ಚು. ಅದನ್ನು ತೊಟ್ಟವರಲ್ಲಿ ಅನೇಕರಿಗೆ ಅದು ಬಿಡುಗಡೆಯಾಗಿ ಬಂದಿತ್ತು ಎಂಬುದು ಸೊಂಟದ ಕಡೆಯಿಂದ ಓದಿದರೆ ತಿಳಿಯುತ್ತದೆ: ಆರು ಪೆಟಿಕೋಟಿನ ಜಾಗಕ್ಕೆ ಒಂದು ಹಗುರವಾದ ಚೌಕಟ್ಟು, ಅದರ ಮೇಲೆ ಒಂದೋ ಎರಡೋ ಪೆಟಿಕೋಟ್, ಕಾಲಿಗೆ ಸುತ್ತಿಕೊಳ್ಳುವ ಬಟ್ಟೆಯಿಲ್ಲದೆ ಹೆಜ್ಜೆ ಹಾಕುವ ಸ್ವಾತಂತ್ರ್ಯ.

ಆದರೆ ಅದರ ಅಗಲವೇ ಅಪಾಯವಾಯಿತು. ಮೇಣದ ಬತ್ತಿ, ಒಲೆ, ಅನಿಲದ ದೀಪಗಳ ಕಾಲದಲ್ಲಿ, ತನ್ನ ಉಡುಪಿನ ಅಂಚು ಎಲ್ಲಿದೆಯೆಂದು ತೊಟ್ಟವಳಿಗೇ ತಿಳಿಯುತ್ತಿರಲಿಲ್ಲ. ಒಳಗೆ ಗಾಳಿ ತುಂಬಿದ ತೆಳು ಬಟ್ಟೆ ಕಿಡಿ ತಾಗಿದೊಡನೆ ಹೊತ್ತಿ ಉರಿಯುತ್ತಿತ್ತು. 1863ರ ಡಿಸೆಂಬರ್ 8ರಂದು ಚಿಲಿ ದೇಶದ ಸ್ಯಾಂಟಿಯಾಗೊ ನಗರದ ಚರ್ಚೊಂದರಲ್ಲಿ ಹಬ್ಬದ ದೀಪದಿಂದ ಬೆಂಕಿ ಎದ್ದಾಗ 2,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು. ಬಾಗಿಲ ಬಳಿ ಒಬ್ಬರ ಅಗಲ ಉಡುಪಿಗೆ ಇನ್ನೊಬ್ಬರದು ಸಿಕ್ಕಿ, ಹೊರಗಿನಿಂದ ಕೈ ಹಿಡಿದು ಎಳೆದರೂ ಬಿಡಿಸಲಾಗಲಿಲ್ಲ. ಇದನ್ನು ಓದಿದ ಮೇಲೆ ಕ್ರಿನೋಲಿನ್ ತೊಟ್ಟ ಸುಂದರ ಚಿತ್ರಗಳನ್ನು ನನಗೆ ಮೊದಲಿನಂತೆ ನೋಡಲಾಗಿಲ್ಲ.

1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರ‍್ಯಾಷನಲ್ ಡ್ರೆಸ್ ಸೊಸೈಟಿ, ಹೆಂಗಸಿನ ಒಳ ಉಡುಪುಗಳ ಒಟ್ಟು ತೂಕ 7 ಪೌಂಡ್ ಮೀರಬಾರದೆಂದು ಹೇಳಿತು. 7 ಪೌಂಡ್ ಎಂದರೆ 3 ಕಿಲೋಗಿಂತ ಹೆಚ್ಚು, ಅಳ್ಳಕವಾಗಿ ಕಟ್ಟಿದ ಮೂರು ಸೇರು ಅಕ್ಕಿಯ ಗಂಟಿನಷ್ಟು. ಅದು ಸುಧಾರಕರು ಕೇಳಿದ ಗರಿಷ್ಠ ಮಿತಿ! ಹಾಗಾದರೆ ಅದಕ್ಕೆ ಮೊದಲು ಹೊತ್ತದ್ದೆಷ್ಟು ಎಂದು ಯೋಚಿಸುವಾಗ ನನ್ನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ.

ಶತಮಾನದ ಕೊನೆಗೆ ಟ್ಯಾಫೆಟಾ ರೇಷ್ಮೆಯ ಪೆಟಿಕೋಟಿನ ಕಾಲ ಬಂತು. ಅದು ಕಾಣಬೇಕಿರಲಿಲ್ಲ, ಕೇಳಬೇಕಿತ್ತು. ನಡೆದಾಗ ಬರುವ ಸರಸರ ಸದ್ದೇ ಸಿರಿತನದ ಗುರುತು. ತೂಕವೂ ಸದ್ದೂ ಹೆಚ್ಚಲೆಂದು ತಯಾರಕರು ರೇಷ್ಮೆಗೆ ತವರದ ಲವಣ ಕುಡಿಸುತ್ತಿದ್ದರಿಂದ, ಅಂದಿನ ಎಷ್ಟೋ ಪೆಟಿಕೋಟುಗಳು ಇಂದು ಪೆಟ್ಟಿಗೆಯಲ್ಲಿ ಮಡಚಿಟ್ಟಲ್ಲೇ ಸೀಳುತ್ತಿವೆ. ಆಮೇಲೆ ಮೈಗೆ ಅಂಟುವ ಉಡುಪುಗಳು ಬಂದು ಪೆಟಿಕೋಟ್ ಹಿಂದೆ ಸರಿಯಿತು. 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಉಡುಪು ವಿನ್ಯಾಸಕ ಕ್ರಿಸ್ಚಿಯನ್ ಡಿಯೊರ್ ತೋರಿಸಿದ ಅಗಲ ಸ್ಕರ್ಟುಗಳೊಂದಿಗೆ ಅದು ಹಿಂತಿರುಗಿ, 1950ರ ದಶಕದ ಹುಡುಗಿಯರು ನೈಲಾನ್ ಬಲೆಯ ಪೆಟಿಕೋಟನ್ನು ಸಕ್ಕರೆ ನೀರಿನಲ್ಲಿ ಅದ್ದಿ ಸೆಡೆಸುವವರೆಗೆ ಬಂತು. ಇಷ್ಟರಲ್ಲಿ ಕಾಣಬೇಕಾದ ಬಟ್ಟೆ ಕಾಣಬಾರದ ಬಟ್ಟೆಯಾಗಿತ್ತು. ಇಂಗ್ಲೆಂಡಿನಲ್ಲಿ ಯಾರದಾದರೂ ಪೆಟಿಕೋಟಿನ ಅಂಚು ಇಣುಕಿದರೆ ಗೆಳತಿ ಪಿಸುಮಾತಿನಲ್ಲಿ "ಚಾರ್ಲಿ ಸತ್ತ" ಎನ್ನುತ್ತಿದ್ದಳು; ಅಮೆರಿಕದಲ್ಲಿ "ದಕ್ಷಿಣದಲ್ಲಿ ಹಿಮ ಬೀಳುತ್ತಿದೆ" ಎನ್ನುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಅಂಥ ಸಂಕೇತವಿರಲಿಲ್ಲ. ಹಿಂದಿನಿಂದ ಒಬ್ಬಳು ಬಂದು ಭುಜಕ್ಕೆ ಭುಜ ತಾಗಿಸಿ, "ಲಂಗ ಕಾಣ್ತಿದೆ" ಎಂದು ಹೇಳಿ, ನಾನು ಗೋಡೆಯ ಕಡೆ ತಿರುಗಿ ಸರಿಮಾಡಿಕೊಳ್ಳುವವರೆಗೆ ಅಡ್ಡ ನಿಲ್ಲುತ್ತಿದ್ದಳು.

ಸೀರೆಗೆ ಲಂಗ ಎಂದಿನಿಂದ ಬಂತು? ಅಜ್ಜಿಯ ಬಳಿ ಲಂಗ ಇರಲಿಲ್ಲ ಎಂಬುದು ನನಗೆ ನೆನಪಿದೆ. ಅವಳದು 18 ಮೊಳದ ಸೀರೆ, ಅಂದರೆ 9 ಗಜ. ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಮುಂದೆ ನಿರಿಗೆ ಹಿಡಿದು ಸಿಕ್ಕಿಸಿ, ನಿರಿಗೆಯ ಕೆಳಗಿನ ಅಂಚನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಎಳೆದು ಕಚ್ಚೆ ಕಟ್ಟುತ್ತಿದ್ದಳು. ಲಾಡಿಯಿಲ್ಲ, ಪಿನ್ನಿಲ್ಲ, ಬಟ್ಟೆ ಬಟ್ಟೆಯನ್ನೇ ಹಿಡಿದು ನಿಲ್ಲುತ್ತಿತ್ತು. ಅವಳು ಅದರಲ್ಲೇ ಬಾವಿಯಿಂದ ನೀರು ಸೇದಿದಳು, ಅಟ್ಟ ಹತ್ತಿದಳು. ಕುದುರೆಯೇರಿದ ಕಿತ್ತೂರು ಚೆನ್ನಮ್ಮನ ಪ್ರತಿಮೆ ಕಚ್ಚೆಯಲ್ಲಿರುವುದು ಸುಮ್ಮನೆ ಅಲ್ಲ, ಒಳಲಂಗ ತೊಟ್ಟು ಹಾಗೆ ಕುದುರೆಯ ಮೇಲೆ ಕೂರಲಾಗುವುದಿಲ್ಲ.

ನಾವು ಇಂದು ಸೀರೆ ಉಡುವುದು ಎಂದು ಯಾವುದನ್ನು ಕರೆಯುತ್ತೇವೆಯೋ ಆ ಲಂಗ, ರವಿಕೆ, ಐದೂವರೆ ಮೀಟರಿನ ಜೋಡಣೆಗೆ ಹೆಚ್ಚು ವಯಸ್ಸಾಗಿಲ್ಲ. ಅದರ ಕಥೆ ಹೇಳುವವರು ಸಾಮಾನ್ಯವಾಗಿ ಜ್ಞಾನದಾನಂದಿನಿ ದೇವಿಯ ಹೆಸರಿನಿಂದ ಆರಂಭಿಸುತ್ತಾರೆ. ಬ್ರಿಟಿಷರ ಕಾಲದ ಐಸಿಎಸ್ ಸೇವೆಗೆ ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟ್ಯಾಗೋರರ ಈ ಪತ್ನಿ 1864ರಲ್ಲಿ ಗಂಡನೊಂದಿಗೆ ಮುಂಬಯಿಗೆ ಬಂದರು. ಬಂಗಾಳದ ಅಂತಃಪುರದಲ್ಲಿ ಹೆಂಗಸರು ಒಂದೇ ತೆಳು ಸೀರೆಯನ್ನು ಸುತ್ತಿಕೊಳ್ಳುತ್ತಿದ್ದರು. ಹೊರಗೆ ನಾಲ್ಕು ಜನರ ನಡುವೆ ನಿಲ್ಲಲು ಅದು ಸಾಲುತ್ತಿರಲಿಲ್ಲ. ಮುಂಬಯಿಯ ಪಾರಸಿ ಹೆಂಗಸರನ್ನು ನೋಡಿ ಅವರು ಸೀರೆ ಉಡುವ ಕ್ರಮವನ್ನು ತಿದ್ದಿಕೊಂಡು, ಒಳಗೆ ಶೆಮಿಜ್ ಎಂಬ ಸಡಿಲ ಒಳ ಅಂಗಿ, ಪೆಟಿಕೋಟ್, ಮೇಲೆ ಜಾಕೆಟ್ ಸೇರಿಸಿದರು. ಬಯಸಿದವರಿಗೆ ಕಲಿಸುತ್ತೇನೆಂದು 'ಬಾಮಾಬೋಧಿನಿ ಪತ್ರಿಕೆ'ಯಲ್ಲಿ ಜಾಹೀರಾತನ್ನೂ ಕೊಟ್ಟರು. ಬಂಗಾಳಿಯಲ್ಲಿ ಸೀರೆಯ ಲಂಗಕ್ಕೆ ಸಾಯಾ ಎನ್ನುತ್ತಾರೆ, ಅದು ಪೋರ್ಚುಗೀಸರ ಪದ. ನಾಚಿಕೆಯ ವಿಕ್ಟೋರಿಯನ್ ಕಲ್ಪನೆ ನಮ್ಮ ಮೇಲೆ ಕೂತದ್ದು ಈ ಬಟ್ಟೆಯ ಮೂಲಕ ಎಂದು ಬರೆಯುವವರ ಮಾತಿನಲ್ಲಿ ಸತ್ಯವಿದೆ. ಜ್ಞಾನದಾನಂದಿನಿಯವರ ಕಡೆಯಿಂದ ನೋಡಿದರೆ, ಹೊಸ್ತಿಲು ದಾಟಲು ಅವರಿಗೆ ಆ ಬಟ್ಟೆ ಬೇಕಿತ್ತು. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ನನ್ನಿಂದ ಆಗುತ್ತಿಲ್ಲ.

ಉಳಿದದ್ದನ್ನು ತೆಳು ಬಟ್ಟೆ ಮಾಡಿತು. ಶಿಫಾನ್, ಜಾರ್ಜೆಟ್, ನೈಲೆಕ್ಸ್ ಬಂದ ಮೇಲೆ ಲಂಗವಿಲ್ಲದೆ ಸೀರೆಯಿಲ್ಲ ಎಂದಾಯಿತು. ಒಳಗಿನ ಬಣ್ಣ ಹೊರಗಿನದರೊಡನೆ ಹೊಂದದಿದ್ದರೆ ಸೀರೆಯೇ ಕೆಟ್ಟಿತು ಎಂದಾಯಿತು. ಊರೂರಿನ ಮ್ಯಾಚಿಂಗ್ ಸೆಂಟರುಗಳು ಹುಟ್ಟಿದ್ದು ಹೀಗೆ. ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ಹತ್ತು ಬಗೆಯ ಹಸಿರು ಪಾಪ್ಲಿನ್ನುಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು, "ಇದು ಒಂದು ಕಲರ್ ಕಮ್ಮಿ ಆಯ್ತು ಮೇಡಂ" ಎನ್ನುವ ಅಂಗಡಿಯವರ ಕಣ್ಣಿಗೆ ನಾನು ತಲೆಬಾಗುತ್ತೇನೆ. ಆರು ಕಲಿ, ಅಂದರೆ ಬಟ್ಟೆಯ ಉದ್ದ ತುಂಡುಗಳನ್ನು ಕತ್ತರಿಸಿ, ಮೇಲೆ ಸಣ್ಣದು ಕೆಳಗೆ ದೊಡ್ಡದಾಗಿ ಜೋಡಿಸಿ ಹೊಲಿದ ಹತ್ತಿಯ ಲಂಗದ ಮೇಲೆ ಸೀರೆ ಬೀಳುವ ಅಂದವೇ ಬೇರೆ. ಸ್ಯಾಟಿನ್ನಿನ ಮೇಲೆ ಅದೇ ಸೀರೆ ಜಾರುತ್ತದೆ, ಜಾರದಿರಲೆಂದು ಲಾಡಿಯನ್ನು ಇನ್ನೂ ಬಿಗಿಯುತ್ತೇವೆ.

ಆ ಬಿಗಿತದ ಬಗ್ಗೆ 2024ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯಕೀಯ ಕಾಲೇಜುಗಳ ವೈದ್ಯರು 'ಬಿಎಂಜೆ ಕೇಸ್ ರಿಪೋರ್ಟ್ಸ್' ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಇಬ್ಬರು ವಯಸ್ಸಾದ ಹೆಂಗಸರ ವಿಷಯ ಬರೆದಿದ್ದರು. ಸೊಂಟದ ಕಟ್ಟು ಉಜ್ಜಿ ಉಜ್ಜಿ ಗಾಯವಾಗಿ, ಆ ಗಾಯ ಮಾಯದೆ, ಕೊನೆಗೆ ಮಾರ್ಜೊಲಿನ್ ಹುಣ್ಣು ಎಂಬ ಚರ್ಮದ ಕ್ಯಾನ್ಸರಾಗಿತ್ತು. ಬಹಳ ಕಾಲ ವಾಸಿಯಾಗದ ಗಾಯಗಳಲ್ಲಿ ಅಪರೂಪಕ್ಕೆ ಹುಟ್ಟುವ ರೋಗ ಇದು. ಪಂಚೆಯ ಕಟ್ಟಿನಿಂದ ಬರುವ ಇಂಥದೇ ಕ್ಯಾನ್ಸರನ್ನು ಮುಂಬಯಿಯ ವೈದ್ಯ ವಿ. ಆರ್. ಖಾನೋಲ್ಕರ್ 1945ರಲ್ಲೇ ದಾಖಲಿಸಿದ್ದರು. ನನ್ನ ಮನಸ್ಸಿನಲ್ಲಿ ಅಷ್ಟರವರೆಗೆ ಅಜ್ಜಿಯ ಉಡುಗೆ ನಿರಪರಾಧಿ, ಅಮ್ಮನ ಲಂಗ ಅಪರಾಧಿ ಎಂಬ ತೀರ್ಮಾನ ಗಟ್ಟಿಯಾಗಿತ್ತು. ಆ ಇಬ್ಬರಲ್ಲಿ ಒಬ್ಬಾಕೆ ಲಂಗವೇ ತೊಡದೆ, ಲುಗಡಾ ಎಂಬ ಸೀರೆಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟುತ್ತಿದ್ದವರು ಎಂದು ಓದಿದ ಮೇಲೆ ಆ ತೀರ್ಮಾನವನ್ನು ಬಿಟ್ಟುಕೊಟ್ಟೆ. ದಾರವೋ ಬಟ್ಟೆಯೋ, ದಿನವೂ ಒಂದೇ ಜಾಗದಲ್ಲಿ ಬಿಗಿದರೆ ಚರ್ಮಕ್ಕೆ ಎರಡೂ ಒಂದೇ.

ಅಮ್ಮನನ್ನು ಚರ್ಮದ ವೈದ್ಯರಿಗೆ ತೋರಿಸಿದೆ. ಗಾಯವಿಲ್ಲ, ಭಯಪಡಬೇಕಿಲ್ಲ, ಒತ್ತಡ ತಪ್ಪಿಸಿ ಎಂದರು. ಹಾಗಾಗಿ ಕಳೆದ ತಿಂಗಳು ಅವಳ ಒಂಬತ್ತು ಲಂಗಗಳನ್ನು ಕೂಡಿಹಾಕಿಕೊಂಡು ಕೂತೆ. ಹಳೆಯ ಲಾಡಿಗಳನ್ನು ಎಳೆದು ತೆಗೆದಾಗ ಅವು ಎಣ್ಣೆ, ಬೆವರು ಕುಡಿದು ಹುರಿಯ ಹಾಗೆ ಗಟ್ಟಿಯಾಗಿದ್ದವು. ಗಂಟು ಬೀಳುತ್ತಿದ್ದ ಕಡೆ ಸೊಟ್ಟಗೆ ತಿರುಚಿಕೊಂಡು ನಿಂತವು ಮೇಜಿನ ಮೇಲಿಟ್ಟರೂ ನೇರವಾಗಲಿಲ್ಲ. ಅವುಗಳ ಜಾಗಕ್ಕೆ ಮೂರು ಬೆರಳಗಲದ ಮೆತ್ತನೆಯ ಹತ್ತಿಯ ಪಟ್ಟಿ ಹೊಲಿದು, ಗಂಟಿನ ಬದಲು ಎರಡು ಸಾಲು ಕೊಕ್ಕೆ ಹಾಕಿದೆ. ಒಂದು ದಿನ ಮೊದಲ ಸಾಲು, ಮಾರನೆಯ ದಿನ ಎರಡನೆಯದು. ಮೊದಲು ಮುಗಿದ ಲಂಗವನ್ನು ತೊಟ್ಟು ಅವಳು ಅಡುಗೆಮನೆಯಿಂದ ಅಂಗಳದವರೆಗೆ ಹೋಗಿ ಬಂದು, ಬಗ್ಗಿ, ಎದ್ದು, ಸೀರೆ ಜಾರುತ್ತದೆಯೇ ಎಂದು ಎರಡೂ ಕೈಯಿಂದ ಒತ್ತಿ ನೋಡಿಕೊಂಡಳು. ಜಾರಲಿಲ್ಲ. ಉಳಿದ ಎಂಟನ್ನೂ ನನ್ನ ಮಡಿಲಿಗೆ ಹಾಕಿ, "ಎಲ್ಲಕ್ಕೂ ಹೀಗೇ ಮಾಡು, ಆದ್ರೆ ಆ ಕಂದು ಲಂಗದ ಜೇಬು ಮಾತ್ರ ಬಿಚ್ಚಬೇಡ" ಎಂದಳು.